ಬಿಸಿಲಿನ ಕೋನವನ್ನು ಮನೆ ಗಚ್ಚಿಯಲ್ಲೇ ಅಳೆಯುವುದು ಹೇಗೆ? ಮುಂಬೈ, ಪುಣೆ, ಗೋವಾ ಓದುಗರಿಗೆ

ಚಳಿಗಾಲ ಹತ್ತಿರ ಬಂತು ಅಂದರೆ ಡೊಂಬಿವಲಿ, ಚಿಂಚವಾಡ, ವಾಸ್ಕೊ ಕಡೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮಕ್ಕಳಿಗೆ ಶಾಲೆಯಲ್ಲಿ ಋತುಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿರುತ್ತಾರೆ. ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿ, ಅಲ್ವಾ? ಹೀಗೆಂದು ಬರೆದು ಕಳಿಸಬಹುದಾ?

ಬೇಡ, ಅದು ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಆಗ ದೂರ ಸುಮಾರು 14.7 ಕೋಟಿ ಕಿ.ಮೀ. ಅತಿ ದೂರ ಇರುವುದು ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಅಂದರೆ ಪುಣೆಯವರು ಸ್ವೆಟರ್ ಹುಡುಕುವ ಹೊತ್ತಿಗೆ ಸೂರ್ಯ ನಮಗೆ ವರ್ಷದಲ್ಲೇ ಹತ್ತಿರ ಇರುತ್ತಾನೆ. ಈ ದೂರದ ವ್ಯತ್ಯಾಸದಿಂದ ಭೂಮಿಗೆ ಸಿಗುವ ಶಕ್ತಿ ಸುಮಾರು 7 ಶೇಕಡ ಬದಲಾಗುತ್ತದೆ, ನಿಜ. ಆದರೆ ಋತುಗಳು ಅದರಿಂದ ಆಗುವುದಲ್ಲ. ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿದೆ. ಹಾಗಾಗಿ ಒಂದೇ ಊರಿನ ಮೇಲೆ ಬಿಸಿಲು ಕೆಲವು ತಿಂಗಳು ನೆಟ್ಟಗೆ, ಕೆಲವು ತಿಂಗಳು ಓರೆಯಾಗಿ ಬೀಳುತ್ತದೆ. ಚಳಿ, ಸೆಕೆಯ ಲೆಕ್ಕ ಮುಖ್ಯವಾಗಿ ಈ ಕೋನದ್ದು.

ಇದನ್ನು ಓದಿ ನಂಬಬೇಕಿಲ್ಲ. ಒಂದು ಕೋಲಿದ್ದರೆ ನೀವೇ ಅಳೆದು ನೋಡಬಹುದು. ಬಲ್ಬು, ಚೆಂಡಿನ ಮಾದರಿಗಿಂತ ಇದರಿಂದ ಮಕ್ಕಳಿಗೆ ಜಾಸ್ತಿ ಅರ್ಥವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಏನೇನು ಬೇಕು?

ನೆಟ್ಟಗಿರುವ 1 ಮೀಟರ್ ಕೋಲು. ಪರದೆ ಹಾಕುವ ರಾಡ್ ಅಥವಾ ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪು ಆಗುತ್ತದೆ. ಅದನ್ನು ನಿಲ್ಲಿಸಲು ಮರಳು ತುಂಬಿದ ಬಕೆಟ್. ಅಳತೆ ಟೇಪು, ಸೀಮೆಸುಣ್ಣ, ದಾರ, ಆ ದಾರಕ್ಕೆ ಕಟ್ಟಲು ಒಂದು ನಟ್ಟು. ಒಂದು ರಟ್ಟಿನ ತುಂಡು. ಕ್ಯಾಲ್ಕುಲೇಟರ್ ಇರುವ ಮೊಬೈಲ್. ಶಾಖದ ಪ್ರಯೋಗವನ್ನೂ ಮಾಡುವುದಾದರೆ ಎರಡು ಸ್ಟೀಲ್ ತಟ್ಟೆ, ಕಪ್ಪು ಚಾರ್ಟ್ ಪೇಪರ್, ಅಡುಗೆಗೆ ಬಳಸುವ ಎರಡು ಥರ್ಮಾಮೀಟರ್. ಜ್ವರ ನೋಡುವ ಥರ್ಮಾಮೀಟರ್ ಬೇಡ. ಅದು 42–43 ಡಿಗ್ರಿಗೆ ನಿಲ್ಲುತ್ತದೆ, ಬಿಸಿಲಿಗೆ ಇಟ್ಟರೆ ಕೆಟ್ಟೂ ಹೋಗಬಹುದು.

ಇನ್ನೊಂದು ಬಹಳ ಮುಖ್ಯ: ಸೊಸೈಟಿಯ ಗಚ್ಚಿಗೆ ಬೀಗ ಇರುತ್ತದೆ. ಹಿಂದಿನ ದಿನವೇ ಸೆಕ್ರೆಟರಿಗೆ ಹೇಳಿ ಕೀಲಿ ತೆಗೆದಿಟ್ಟುಕೊಳ್ಳಿ. ಅಳತೆಗೆ ಸರಿಯಾದ ಹೊತ್ತು ಇರುವುದು ಕೆಲವೇ ನಿಮಿಷ. ಆಗ ವಾಚ್‌ಮನ್‌ನನ್ನು ಹುಡುಕುತ್ತಾ ಕೂತರೆ ಆ ದಿನ ಹೋದಂತೆಯೇ.

ಮಕ್ಕಳಿಗೆ ಮೊದಲೇ ಹೇಳಿ: ಸೂರ್ಯನನ್ನು ನೇರವಾಗಿ ನೋಡಬಾರದು. ಕೂಲಿಂಗ್ ಗ್ಲಾಸ್ ಹಾಕಿಕೊಂಡೂ ನೋಡಬಾರದು. ಇಲ್ಲಿ ಎಲ್ಲ ಅಳತೆಯೂ ನೆರಳಿನದ್ದೇ, ಮೇಲೆ ನೋಡುವ ಅಗತ್ಯವೇ ಇಲ್ಲ.

ಹಂತ 1: ನಿಮ್ಮ ಊರಿನ ನಿಜವಾದ ನಡುಮಧ್ಯಾಹ್ನ ಹುಡುಕಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಗಡಿಯಾರದಲ್ಲಿ 12 ಹೊಡೆದಾಗ ಸೂರ್ಯ ತನ್ನ ಅತಿ ಎತ್ತರದಲ್ಲಿ ಇರುವುದಿಲ್ಲ. ಭಾರತದ ಸಮಯ ಲೆಕ್ಕ ಹಾಕುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಮುಂಬೈ ಇರುವುದು 72.9 ಡಿಗ್ರಿಯಲ್ಲಿ. ಪ್ರತಿ ಡಿಗ್ರಿಗೆ 4 ನಿಮಿಷದಂತೆ ಮುಂಬೈನ ನಡುಮಧ್ಯಾಹ್ನ ಸರಾಸರಿ 38 ನಿಮಿಷ ತಡ. ಪುಣೆ, ಪಣಜಿಗಳಲ್ಲಿ ಸುಮಾರು 35 ನಿಮಿಷ ತಡ.

ಇದೂ ವರ್ಷವಿಡೀ ಒಂದೇ ಇರುವುದಿಲ್ಲ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅಕ್ಷವೂ ಓರೆ. ಈ ಎರಡು ಕಾರಣಕ್ಕೆ ಹೊತ್ತು ಹಿಂದೆ ಮುಂದೆ ಆಗುತ್ತದೆ. ಮುಂಬೈನಲ್ಲಿ ನವೆಂಬರ್ ಮೊದಲ ವಾರ 12:22ಕ್ಕೇ ನಡುಮಧ್ಯಾಹ್ನ. ಡಿಸೆಂಬರ್ 21ಕ್ಕೆ 12:37ರ ಹತ್ತಿರ. ಫೆಬ್ರುವರಿ ಎರಡನೇ ವಾರಕ್ಕೆ 12:53. ಮಾರ್ಚ್ 21ಕ್ಕೆ 12:46. ಪುಣೆ, ಪಣಜಿಯವರು ಇದರಲ್ಲಿ 4 ನಿಮಿಷ ಕಳೆಯಿರಿ.

ಈ ಪಟ್ಟಿ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ಆ ದಿನದ ಸೂರ್ಯೋದಯ, ಸೂರ್ಯಾಸ್ತ ಎರಡನ್ನೂ ಪಂಚಾಂಗದಲ್ಲೋ ಮೊಬೈಲಿನಲ್ಲೋ ನೋಡಿ. ಅವುಗಳ ಸರಿಯಾದ ಮಧ್ಯದ ಹೊತ್ತೇ ನಿಮ್ಮ ನಡುಮಧ್ಯಾಹ್ನ. ಪಂಚಾಂಗ ನಿಮ್ಮ ಊರಿನದ್ದೇ ಆಗಿರಲಿ. ಮನೆಯಲ್ಲಿ ಉಡುಪಿ, ಧಾರವಾಡದ ಪಂಚಾಂಗ ಇರುವುದು ಸಹಜ. ಅದರಲ್ಲಿನ ಹೊತ್ತು ಮುಂಬೈಗೆ ಹೊಂದುವುದಿಲ್ಲ.

ಹಂತ 2: ಕೋಲು ನಿಲ್ಲಿಸಿ, ನೆರಳು ಗುರುತಿಸಿ

ಗಚ್ಚಿಯಲ್ಲಿ ಸಮತಟ್ಟಾದ ಜಾಗ ಆರಿಸಿ. ಮಳೆನೀರು ಹರಿದು ಹೋಗಲೆಂದು ಹೆಚ್ಚಿನ ಗಚ್ಚಿಗಳಿಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ನೆಲದ ಮೇಲೆ ಒಂದು ಗೋಲಿ ಇಟ್ಟು ನೋಡಿ. ಉರುಳಿ ಹೋದರೆ ಆ ಜಾಗ ಬೇಡ, ಅಥವಾ ಉದ್ದದ ಹಲಗೆ ಹಾಕಿ ಅಡಿಗೆ ರಟ್ಟು ಕೊಟ್ಟು ಸಮ ಮಾಡಿಕೊಳ್ಳಿ.

ಬಕೆಟ್ಟಿನ ಮರಳಿನಲ್ಲಿ ಕೋಲು ನಿಲ್ಲಿಸಿ. ದಾರಕ್ಕೆ ನಟ್ಟು ಕಟ್ಟಿ ಕೋಲಿನ ಪಕ್ಕ ಇಳಿಬಿಡಿ, ಗಾರೆ ಕೆಲಸದವರು ಗೋಡೆ ನೋಡುವ ಹಾಗೆ. ದಾರವೂ ಕೋಲೂ ಎರಡು ಬದಿಯಿಂದ ನೋಡಿದಾಗಲೂ ಸಮಾನಾಂತರ ಇರಬೇಕು. ಕೋಲು 1 ಡಿಗ್ರಿ ವಾಲಿದರೆ ನಿಮ್ಮ ಉತ್ತರವೂ ಹೆಚ್ಚುಕಮ್ಮಿ ಅಷ್ಟೇ ತಪ್ಪುತ್ತದೆ. ಈಗ ನೆಲದಿಂದ ಕೋಲಿನ ತುದಿಯವರೆಗಿನ ಎತ್ತರ ಅಳೆಯಿರಿ. ಮರಳಿನೊಳಗೆ ಹೋದ ಭಾಗ ಲೆಕ್ಕಕ್ಕಿಲ್ಲ, ಆದರೆ ಬಕೆಟ್ಟಿನ ಎತ್ತರ ಲೆಕ್ಕಕ್ಕಿದೆ. ಇಲ್ಲಿ ಗಡಿಬಿಡಿ ಮಾಡಬೇಡಿ. ನೆಲದಿಂದ ತುದಿಗೆ ಎಷ್ಟು ಬಂತೋ ಅದೇ ಎತ್ತರ. ಕೋಲನ್ನು ಮೇಲೆ ಕೆಳಗೆ ಮಾಡಿ ಅದನ್ನು ಸರಿಯಾಗಿ 100 ಸೆಂ.ಮೀ.ಗೆ ತಂದರೆ ಮುಂದಿನ ಲೆಕ್ಕ ಹಗುರ.

ನಡುಮಧ್ಯಾಹ್ನಕ್ಕೆ 20 ನಿಮಿಷ ಮೊದಲೇ ಶುರುಮಾಡಿ. ಪ್ರತಿ 5 ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ, ಪಕ್ಕದಲ್ಲಿ ಹೊತ್ತು ಬರೆಯಿರಿ. ನಡುಮಧ್ಯಾಹ್ನ ಕಳೆದು 20 ನಿಮಿಷದವರೆಗೂ ಹಾಕುತ್ತಾ ಹೋಗಿ. ಗುರುತುಗಳಲ್ಲಿ ಕೋಲಿನ ಬುಡಕ್ಕೆ ಅತಿ ಹತ್ತಿರ ಇರುವುದೇ ನಿಮಗೆ ಬೇಕಾದ ನೆರಳು. ಆ ನೆರಳು ಸರಿಯಾಗಿ ಉತ್ತರ-ದಕ್ಷಿಣಕ್ಕೆ ಮಲಗಿರುತ್ತದೆ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಸಲಾಕೆ, ನೀರಿನ ಟ್ಯಾಂಕ್ ಹತ್ತಿರ ತಪ್ಪು ತೋರಿಸಬಹುದು, ಈ ನೆರಳು ತಪ್ಪುವುದಿಲ್ಲ.

ಹತ್ತಿರ ಕೂತು ನೋಡಿದರೆ ನೆರಳಿನ ತುದಿ ಗೆರೆ ಎಳೆದ ಹಾಗೆ ಇರುವುದಿಲ್ಲ. ಕಪ್ಪು ಭಾಗ ನಿಧಾನಕ್ಕೆ ಬೂದಿಯಾಗಿ, ಆಮೇಲೆ ಬಿಸಿಲಿನಲ್ಲಿ ಕಲೆತುಹೋಗುತ್ತದೆ. ಡಿಸೆಂಬರ್‌ನಲ್ಲಿ ಈ ಮಸುಕು ಒಂದೂವರೆ ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ. ಸೂರ್ಯ ಆಕಾಶದಲ್ಲಿ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಅದಕ್ಕೇ ಹೀಗೆ. ಮಸುಕಿನ ನಡುವೆ ಗುರುತು ಹಾಕಿ, ಸಾಕು. 1 ಸೆಂ.ಮೀ. ಆಚೀಚೆ ಆದರೂ ಚಳಿಗಾಲದ ಅಳತೆಯಲ್ಲಿ ಕೋನ ತಪ್ಪುವುದು 0.3 ಡಿಗ್ರಿ ಮಾತ್ರ.

100 ಸೆಂ.ಮೀ. ಕೋಲಿಗೆ ನಿಮಗೆ ಸಿಗಬೇಕಾದ ನೆರಳು ಸುಮಾರು ಹೀಗೆ:

ಡಿಸೆಂಬರ್ 21: ಮುಂಬೈ 92 ಸೆಂ.ಮೀ., ಪುಣೆ 90, ಪಣಜಿ 81
ಮಾರ್ಚ್ 21, ಸೆಪ್ಟೆಂಬರ್ 23: ಮುಂಬೈ 35, ಪುಣೆ 34, ಪಣಜಿ 28
ಜೂನ್ 21: ಮುಂಬೈ 8, ಪುಣೆ 9, ಪಣಜಿ 14

ಜೂನ್‌ನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದೆಲ್ಲ ಉತ್ತರಕ್ಕೆ. ಮೂರೂ ಊರು ಕರ್ಕಾಟಕ ಸಂಕ್ರಾಂತಿ ವೃತ್ತದ (23.4 ಡಿಗ್ರಿ ಉತ್ತರ ಅಕ್ಷಾಂಶ) ದಕ್ಷಿಣಕ್ಕಿವೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯನ್ನು ದಾಟುತ್ತಾನೆ. ಆ ದಿನ ನಡುಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಇದನ್ನೇ ಶೂನ್ಯ ನೆರಳಿನ ದಿನ ಅನ್ನುವುದು. ಮುಂಬೈಗೆ ಮೇ 15ರ ಸುಮಾರಿಗೆ, ಪುಣೆಗೆ ಅದಕ್ಕಿಂತ ಒಂದೆರಡು ದಿನ ಮೊದಲು, ಪಣಜಿಗೆ ಮೇ 2ರ ಸುಮಾರಿಗೆ. ಎರಡನೇ ಸಲ ಬರುವುದು ಮುಂಬೈ, ಪುಣೆಗಳಿಗೆ ಜುಲೈ ಕೊನೆಯಲ್ಲಿ, ಪಣಜಿಗೆ ಆಗಸ್ಟ್ 10ರ ಆಸುಪಾಸು. ಆಗ ಮೋಡವೇ ಜಾಸ್ತಿ. ನೋಡಬೇಕು ಅನ್ನುವವರು ಮೇ ತಿಂಗಳನ್ನು ಬಿಡಬೇಡಿ.

ಹಂತ 3: ನೆರಳಿನಿಂದ ಕೋನ

ಸೂರ್ಯನ ಎತ್ತರದ ಕೋನ ಅಂದರೆ ಕ್ಷಿತಿಜದಿಂದ ಸೂರ್ಯ ಎಷ್ಟು ಡಿಗ್ರಿ ಮೇಲಿದ್ದಾನೆ ಎಂಬ ಲೆಕ್ಕ. ಉದಯದ ಹೊತ್ತಿಗೆ 0, ನೆತ್ತಿಯ ಮೇಲೆ ಬಂದಾಗ 90.

ಕೋಲಿನ ಎತ್ತರವನ್ನು ನೆರಳಿನ ಉದ್ದದಿಂದ ಭಾಗಿಸಿ. ಮೊಬೈಲನ್ನು ಅಡ್ಡ ಹಿಡಿದರೆ ಹೆಚ್ಚಿನ ಕ್ಯಾಲ್ಕುಲೇಟರ್‌ಗಳಲ್ಲಿ ಟ್ಯಾನ್ ಇನ್ವರ್ಸ್ (tan⁻¹) ಗುಂಡಿ ಕಾಣುತ್ತದೆ. ಭಾಗಿಸಿ ಬಂದ ಸಂಖ್ಯೆಗೆ ಅದನ್ನು ಒತ್ತಿ. 100 ಭಾಗಿಸು 92 ಅಂದರೆ 1.087, ಅದಕ್ಕೆ ಉತ್ತರ 47.4 ಡಿಗ್ರಿ. ಉತ್ತರ 0.8, 1.2 ಹೀಗೆ ಸಣ್ಣದಾಗಿ ಬಂದರೆ ಕ್ಯಾಲ್ಕುಲೇಟರ್ ರೇಡಿಯನ್ ಎಂಬ ಬೇರೆ ಅಳತೆಯಲ್ಲಿದೆ, ಡಿಗ್ರಿಗೆ ಬದಲಿಸಿ. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಟ್ಯಾನ್ ಬೇಡ. ಗ್ರಾಫ್ ಹಾಳೆಯಲ್ಲಿ 10 ಸೆಂ.ಮೀ. ಎತ್ತರದ ಗೆರೆ, 9.2 ಸೆಂ.ಮೀ. ನೆಲದ ಗೆರೆ ಎಳೆದು ತುದಿಗಳನ್ನು ಸೇರಿಸಿ, ಕೋನಮಾಪಕದಿಂದ ಅಳೆದರೆ ಆಯಿತು.

ಹಂತ 4: ಓರೆ ಬಿಸಿಲು ಯಾಕೆ ತಣ್ಣಗೆ?

ಲೇಖನದ ಜೀವ ಇರುವುದು ಈ ಹಂತದಲ್ಲಿ. ದಯವಿಟ್ಟು ಇದನ್ನು ಸುಮ್ನೆ ಓದಿ ಬಿಡಬೇಡಿ, ಮಾಡಿ ನೋಡಿ.

ರಟ್ಟಿನಲ್ಲಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಕತ್ತರಿಸಿ ತೆಗೆಯಿರಿ. ರಟ್ಟಿನ ಮೂಲೆಯಲ್ಲಿ ಒಂದು ಗುಂಡುಪಿನ್ನನ್ನು ನೆಟ್ಟಗೆ ಚುಚ್ಚಿ. ಬೆಳಿಗ್ಗೆ 9 ಗಂಟೆಗೆ ಗಚ್ಚಿಗೆ ಹೋಗಿ, ರಟ್ಟನ್ನು ಸೂರ್ಯನ ಕಡೆ ತಿರುಗಿಸಿ, ಕೆಳ ಅಂಚು ನೆಲಕ್ಕೆ ತಾಗುವ ಹಾಗೆ ಹಿಡಿಯಿರಿ. ಪಿನ್ನಿನ ನೆರಳು ಪೂರ್ತಿ ಮಾಯವಾದಾಗ ರಟ್ಟು ಬಿಸಿಲಿಗೆ ಸರಿಯಾಗಿ ಎದುರಾಗಿದೆ ಎಂದರ್ಥ. ಈಗ ಆ ಕಿಂಡಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಚೌಕಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ.

ಚೌಕ ಎಲ್ಲಿದೆ? ನೆಲದ ಮೇಲೆ ಉದ್ದ ಪಟ್ಟಿ ಕಾಣುತ್ತದೆ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ 9ಕ್ಕೆ ಮುಂಬೈನಲ್ಲಿ ಸೂರ್ಯ ಸುಮಾರು 22 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಪಟ್ಟಿಯ ಉದ್ದ 27 ಸೆಂ.ಮೀ. ಹತ್ತಿರ ಬರುತ್ತದೆ. ಅಗಲ ಮಾತ್ರ ಅದೇ 10. ಅದೇ ರಟ್ಟನ್ನು ನಡುಮಧ್ಯಾಹ್ನ ಹಿಡಿದರೆ ಪಟ್ಟಿ ಸುಮಾರು 13.5 ಸೆಂ.ಮೀ.ಗೆ ಕುಗ್ಗುತ್ತದೆ. ಕಿಂಡಿಯಿಂದ ಒಳಗೆ ಬಂದ ಬಿಸಿಲು ಎರಡೂ ಸಲ ಒಂದೇ ಕಿಂಡಿಯಷ್ಟು. ಹಿಟ್ಟು ಅಷ್ಟೇ ಇದ್ದು ದೋಸೆ ಅಗಲ ಮಾಡಿದರೆ ತೆಳ್ಳಗಾಗಲೇಬೇಕಲ್ಲ, ಇದೂ ಹಾಗೆಯೇ. ಅದೇ ಶಕ್ತಿ ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ, ಪ್ರತಿ ಚದರ ಸೆಂಟಿಮೀಟರ್‌ಗೆ ಸಿಗುವುದು ಕಡಿಮೆಯಾಗುತ್ತದೆ.

ಎಷ್ಟು ಕಡಿಮೆ? ಕ್ಯಾಲ್ಕುಲೇಟರ್‌ನ sin ಗುಂಡಿಯಿಂದ ಎತ್ತರದ ಕೋನದ ಸೈನ್ ತೆಗೆದರೆ ಗೊತ್ತಾಗುತ್ತದೆ. 90 ಡಿಗ್ರಿಗೆ 1, ಅಂದರೆ ಪೂರ್ತಿ. 47.5 ಡಿಗ್ರಿಗೆ 0.74. 30 ಡಿಗ್ರಿಗೆ ಸರಿಯಾಗಿ ಅರ್ಧ. 22 ಡಿಗ್ರಿಗೆ 0.37.

ಎರಡನೇ ನಷ್ಟ ಗಾಳಿಯಲ್ಲಿ. ಓರೆಯಾಗಿ ಬರುವ ಬಿಸಿಲು ವಾತಾವರಣದ ಹೆಚ್ಚು ಉದ್ದದ ದಾರಿ ಸವೆಸಿ ಬರಬೇಕು. 30 ಡಿಗ್ರಿಯಲ್ಲಿ ಆ ದಾರಿ ನೆತ್ತಿ ಬಿಸಿಲಿನ ಎರಡರಷ್ಟು. ಧೂಳು, ಹಬೆ, ಗಾಳಿಯ ಕಣಗಳು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಕಸಿದುಕೊಳ್ಳುತ್ತವೆ. ಸಂಜೆಯ ಸೂರ್ಯ ಕಣ್ಣಿಗೆ ಅಷ್ಟು ಚುಚ್ಚದಿರುವುದು ಇದಕ್ಕೇ.

ಹಂತ 5: ಎರಡು ತಟ್ಟೆಗಳ ಪರೀಕ್ಷೆ

ಎರಡು ತಟ್ಟೆಗೂ ಕಪ್ಪು ಕಾಗದ ಅಂಟಿಸಿ, ಕಾಗದದ ಅಡಿಗೆ ಥರ್ಮಾಮೀಟರ್ ತುದಿ ಸೇರಿಸಿ. ಒಂದನ್ನು ನೆಲದ ಮೇಲೆ ರಟ್ಟು ಹಾಸಿ ಅಡ್ಡ ಇಡಿ. ಇನ್ನೊಂದಕ್ಕೂ ಹಿಂದೆ ಅದೇ ರಟ್ಟು ಕೊಟ್ಟು, ಪಿನ್ನಿನ ಉಪಾಯದಿಂದ ಸೂರ್ಯನಿಗೆ ಎದುರಾಗಿ ನಿಲ್ಲಿಸಿ. ಚಳಿಗಾಲದ ಬೆಳಿಗ್ಗೆ 9ಕ್ಕೆ 15–20 ನಿಮಿಷ ಬಿಡಿ. ಎದುರಾಗಿ ನಿಂತ ತಟ್ಟೆ ಎಷ್ಟು ಬೇಗ ಮೇಲೇರುತ್ತದೆ ನೋಡಿ. ಗಾಳಿ ಬೀಸುತ್ತಿದ್ದರೆ ಎರಡರ ಶಾಖವೂ ಹಾರಿಹೋಗಿ ವ್ಯತ್ಯಾಸ ಕಾಣದು, ಪ್ಯಾರಪೆಟ್ ಗೋಡೆಯ ಮರೆಯಲ್ಲಿಡಿ. ಗೋಡೆಯ ನೆರಳು ಮಾತ್ರ ಬೀಳಬಾರದು.

ಹಂತ 6: ಬೇರೆ ಊರುಗಳ ಕೋನ ಕುಳಿತಲ್ಲೇ ಲೆಕ್ಕ ಹಾಕಿ

ಇದಕ್ಕೆ ಎರಡು ಸಂಖ್ಯೆ ಸಾಕು. ಒಂದು, ಊರಿನ ಅಕ್ಷಾಂಶ, ಅಂದರೆ ಸಮಭಾಜಕ ವೃತ್ತದಿಂದ ಎಷ್ಟು ಡಿಗ್ರಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದೆ ಎಂಬುದು. ಮುಂಬೈ 19.1, ಪುಣೆ 18.5, ಪಣಜಿ 15.5. ಎರಡು, ಆ ದಿನ ಸೂರ್ಯ ಯಾವ ಅಕ್ಷಾಂಶದ ನೆತ್ತಿಯ ಮೇಲಿದ್ದಾನೆ ಎಂಬುದು. ಇದನ್ನು ಸೂರ್ಯನ ಡಿಕ್ಲಿನೇಷನ್ ಅನ್ನುತ್ತಾರೆ. ತಿಂಗಳ 21ನೇ ತಾರೀಕಿನ ಆಸುಪಾಸು ಅದು ಹೀಗಿರುತ್ತದೆ: ಮಾರ್ಚ್ 0, ಏಪ್ರಿಲ್ 12 ಉತ್ತರ, ಮೇ 20 ಉತ್ತರ, ಜೂನ್ 23.4 ಉತ್ತರ, ಜುಲೈ 20, ಆಗಸ್ಟ್ 12, ಸೆಪ್ಟೆಂಬರ್‌ನಲ್ಲಿ ಮತ್ತೆ 0. ಆಮೇಲೆ ಅಕ್ಟೋಬರ್ 11 ದಕ್ಷಿಣ, ನವೆಂಬರ್ 20, ಡಿಸೆಂಬರ್ 23.4, ಜನವರಿ 20, ಫೆಬ್ರುವರಿ 11 ದಕ್ಷಿಣ.

ಎರಡೂ ಒಂದೇ ಬದಿಯಲ್ಲಿದ್ದರೆ ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. ಬೇರೆ ಬೇರೆ ಬದಿಯಲ್ಲಿದ್ದರೆ ಕೂಡಿಸಿ. ಬಂದದ್ದನ್ನು 90ರಿಂದ ಕಳೆದರೆ ನಡುಮಧ್ಯಾಹ್ನದ ಎತ್ತರ. ಕೂಡಿಸುವ ಕಡೆ ಕಳೆಯುವುದೇ ಇಲ್ಲಿ ಆಗುವ ತಪ್ಪು, ಉತ್ತರ ವಿಚಿತ್ರ ಅನ್ನಿಸಿದರೆ ಮೊದಲು ಅದನ್ನೇ ನೋಡಿ.

ಡಿಸೆಂಬರ್ 21ಕ್ಕೆ ಹಾಕಿ ನೋಡೋಣ. ಸಿಂಗಪುರ 1.3 ಉತ್ತರ, ಕೋನ 65. ಮುಂಬೈ 47.5. ಲಂಡನ್ 51.5 ಉತ್ತರ, ಕೋನ 15. ಆಸ್ಲೊ 59.9 ಉತ್ತರ, ಕೋನ ಬರೀ 6.7. ಸಿಡ್ನಿ 33.9 ದಕ್ಷಿಣ, ಕೋನ 79.5, ಅಲ್ಲಿ ಆಗ ಬೇಸಿಗೆ. ಆಸ್ಲೊದ ಸೈನ್ 0.12. ಜೊತೆಗೆ ಬಿಸಿಲು ವಾತಾವರಣದಲ್ಲಿ ಸುಮಾರು 8 ಪಟ್ಟು ದಾರಿ ಸವೆಸಬೇಕು, ಹಗಲೂ 6 ಗಂಟೆಗಿಂತ ಜಾಸ್ತಿ ಇಲ್ಲ. ಮುಂಬೈನಲ್ಲಿ ಆ ದಿನವೂ ಹಗಲು 11 ಗಂಟೆ ಇರುತ್ತದೆ.

ಧ್ರುವದ ಬಗ್ಗೆ ಚುರುಕಾದ ಮಕ್ಕಳು ಕೇಳಿಯೇ ಕೇಳುತ್ತಾರೆ: ಜೂನ್‌ನಲ್ಲಿ ಅಲ್ಲಿ 24 ಗಂಟೆಯೂ ಬಿಸಿಲು, ಆದರೂ ಚಳಿ ಯಾಕೆ? ಜೂನ್ 21ರಂದು ವಾತಾವರಣದ ಮೇಲ್ಗಡೆ ಲೆಕ್ಕ ಹಾಕಿದರೆ ಉತ್ತರ ಧ್ರುವಕ್ಕೆ ದಿನವಿಡೀ ಸಿಗುವ ಶಕ್ತಿ ಸಮಭಾಜಕಕ್ಕಿಂತಲೂ ಜಾಸ್ತಿ. ಆದರೆ ಸೂರ್ಯ 23.4 ಡಿಗ್ರಿ ಮೇಲೆ ಏರುವುದಿಲ್ಲ, ಹಿಮ ಬಿಸಿಲಿನ ಬಹುಪಾಲನ್ನು ವಾಪಸು ಕಳಿಸುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಹಿಮ ಕರಗಿಸಲು ಖರ್ಚಾಗುತ್ತದೆ. ಅದರ ಹಿಂದೆ ಆರು ತಿಂಗಳ ಕತ್ತಲೆಯ ಸಾಲವೂ ಇದೆ.

ಹಂತ 7: ಗೋವಾದ ನೆಂಟರಿಗೆ ಫೋನ್ ಮಾಡಿ

ಮುಂಬೈಯವರೂ ಪಣಜಿಯವರೂ ಒಂದೇ ದಿನ, ತಮ್ಮ ತಮ್ಮ ನಡುಮಧ್ಯಾಹ್ನ ಅಳೆದು ಕೋನ ಹೋಲಿಸಿ. ವ್ಯತ್ಯಾಸ 3.6 ಡಿಗ್ರಿ ಹತ್ತಿರ ಬರುತ್ತದೆ. 360ರಲ್ಲಿ 3.6 ಅಂದರೆ ನೂರನೇ ಒಂದು ಪಾಲು. ಎರಡು ಊರಿನ ಉತ್ತರ-ದಕ್ಷಿಣ ದೂರ ಸುಮಾರು 400 ಕಿ.ಮೀ. ನೂರರಿಂದ ಗುಣಿಸಿ, ಭೂಮಿಯ ಸುತ್ತಳತೆ 40,000 ಕಿ.ಮೀ. ನಿಮ್ಮ ಕೈಗೆ ಬಂತು. ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ 2,200 ವರ್ಷಗಳ ಹಿಂದೆ ಈಜಿಪ್ಟಿನ ಎರಡು ಊರುಗಳ ನಡುವೆ ಮಾಡಿದ ಲೆಕ್ಕದ ದಾರಿ ಇದೇ. ಹೆದ್ದಾರಿಯ ಅಥವಾ ಕೊಂಕಣ ರೈಲಿನ ಕಿಲೋಮೀಟರ್ ಹಾಕಬೇಡಿ, ಅವು ಸುತ್ತಿ ಬಳಸಿ ಹೋಗುತ್ತವೆ. ಡಿಸೆಂಬರ್‌ನಲ್ಲಿ ಒಂದು ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಮಾರ್ಚ್‌ನಲ್ಲಿ ಕೋನ ದಿನಕ್ಕೆ 0.4 ಡಿಗ್ರಿ ಬದಲಾಗುವುದರಿಂದ ಒಂದೇ ದಿನ ಅಳೆಯಲೇಬೇಕು.

ಹಂತ 8: ಕೋನ ಒಂದೇ, ಸೆಕೆ ಬೇರೆ ಯಾಕೆ?

ಅಳೆದ ಮೇಲೆ ಬರುವ ಗೊಂದಲ ಇದು. ಮುಂಬೈ, ಪುಣೆಯ ಕೋನದಲ್ಲಿ ಅರ್ಧ ಡಿಗ್ರಿ ವ್ಯತ್ಯಾಸ. ಆದರೂ ಏಪ್ರಿಲ್‌ನಲ್ಲಿ ಪುಣೆಯ ಸರಾಸರಿ ಗರಿಷ್ಠ ತಾಪಮಾನ 37–38 ಡಿಗ್ರಿ, ಮುಂಬೈಯದು 32–33. ಜನವರಿ ರಾತ್ರಿ ಪುಣೆ 11–12ಕ್ಕೆ ಇಳಿಯುತ್ತದೆ, ಮುಂಬೈನ ಸಾಂತಾಕ್ರೂಜ್ 17ರ ಹತ್ತಿರ ನಿಲ್ಲುತ್ತದೆ. ಕಾರಣ ಸಮುದ್ರ. ನೀರು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಮಧ್ಯಾಹ್ನ ಕಡಲ ಗಾಳಿ ಬೇಗ ಬಂದರೆ ಮುಂಬೈ ಬಚಾವ್, ತಡವಾದ ದಿನ ತಾಪಮಾನ ಸರ್ರನೆ ಏರುತ್ತದೆ. ಪುಣೆ ಸಹ್ಯಾದ್ರಿಯ ಆಚೆ, ಸುಮಾರು 560 ಮೀಟರ್ ಎತ್ತರದಲ್ಲಿದೆ. ಗಾಳಿ ಒಣ. ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ.

ಮೋಡ ಇನ್ನೊಂದು ಕಾರಣ. ಜೂನ್ 21ಕ್ಕೆ ಮುಂಬೈ ಕೋನ 85.6, ವರ್ಷದ ದೊಡ್ಡ ಕೋನಗಳಲ್ಲಿ ಒಂದು. ಆದರೆ ಅಷ್ಟರಲ್ಲಿ ಮಳೆಗಾಲ ಹಿಡಿದಿರುತ್ತದೆ. ಅಕ್ಟೋಬರ್‌ನಲ್ಲಿ ಕೋನ 60ಕ್ಕೆ ಇಳಿದರೂ ಮೋಡ ಸರಿದು ‘ಅಕ್ಟೋಬರ್ ಹೀಟ್’ ಅನ್ನುವ ಸೆಕೆ ಶುರು.

ಹೊತ್ತಿನ ಅಂತರವೂ ಇದೆ. ಅತಿ ಓರೆ ಬಿಸಿಲು ಡಿಸೆಂಬರ್ 21ಕ್ಕೆ, ಹೆಚ್ಚು ಚಳಿ ಜನವರಿಯಲ್ಲಿ. ನೆಲ, ನೀರು ಕೂಡಿಟ್ಟ ಶಾಖ ಖಾಲಿಯಾಗಲು ಸಮಯ ಬೇಕು. ಸಂಕ್ರಾಂತಿ ದಿನ ಅಳೆದರೆ ಅತಿ ಉದ್ದದ ನೆರಳು ಸಿಗುತ್ತದೆ ಅಂದುಕೊಂಡು ಕಾಯುವವರಿದ್ದಾರೆ. ಅಷ್ಟರಲ್ಲಿ ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಕಳೆದಿರುತ್ತದೆ, ಪ್ರಾಜೆಕ್ಟಿಗೆ ಡಿಸೆಂಬರ್ 21–22 ಹಿಡಿಯಿರಿ.

ಅಳತೆ ಮುಗಿದ ಮೇಲೆ ಈ ಸಂಖ್ಯೆಗಳು ಮನೆಗೂ ಬರುತ್ತವೆ. ದಕ್ಷಿಣಕ್ಕೆ ಮುಖ ಮಾಡಿದ, ಮೇಲೆ ಸಜ್ಜಾ ಇಲ್ಲದ 2 ಮೀಟರ್ ಎತ್ತರದ ಬಾಗಿಲಿನಿಂದ ಡಿಸೆಂಬರ್ ನಡುಮಧ್ಯಾಹ್ನ ಬಿಸಿಲು 1.8 ಮೀಟರ್ ಒಳಗೆ ಬರುತ್ತದೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮುಂಬೈನಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ, ಆ ಬಾಗಿಲಿಗೆ ಆಗ ನೇರ ಬಿಸಿಲೇ ಇಲ್ಲ. ತುಳಸಿ ಕುಂಡವನ್ನು ಆ ತಿಂಗಳುಗಳಲ್ಲಿ ಪೂರ್ವದ ಕಿಟಕಿಗೆ ಸರಿಸಿ. ಗಚ್ಚಿ ಮೇಲೆ ಸೋಲಾರ್ ಫಲಕ ಹಾಕಿಸುವವರು ಅದು ದಕ್ಷಿಣಕ್ಕೆ ಮುಖ ಮಾಡಿ, ಹೆಚ್ಚುಕಮ್ಮಿ ಊರಿನ ಅಕ್ಷಾಂಶದಷ್ಟೇ ಓರೆಯಾಗಿದೆಯಾ ಅಂತ ಕೋನಮಾಪಕ ಇಟ್ಟು ನೋಡಿ: ಮುಂಬೈ, ಪುಣೆಗೆ 18–19 ಡಿಗ್ರಿ, ಗೋವಾಕ್ಕೆ 15–16.